ಜ್ಞಾನಸ್ನಾನದ ದಾಖಲೆಯೂ ಗ್ರೀನ್ ಕಾರ್ಡೂ



ಧರ್ಮಕೇಂದ್ರದ ಕಚೇರಿಗೆ ಬರುವವರಲ್ಲಿ ಅನೇಕರು ಒಂದು ಕಾಗದವನ್ನು ಕೇಳಿಕೊಂಡು ಬರುತ್ತಾರೆ. ಮಗುವಿನ ಜ್ಞಾನಸ್ನಾನದ ಸರ್ಟಿಫಿಕೇಟು, ತಂದೆತಾಯಿಯ ಮದುವೆಯ ಸರ್ಟಿಫಿಕೇಟು, ಎಂದೋ ತೀರಿಹೋದ ಅಜ್ಜನ ಮರಣದ ದಾಖಲೆ. ಏಕೆ ಬೇಕೆಂದು ಕೇಳಿದರೆ, "ಅಮೆರಿಕದಲ್ಲಿರುವ ತಮ್ಮ ನಮಗೆಲ್ಲ ಅರ್ಜಿ ಹಾಕಿದ್ದಾನೆ ಫಾದರ್" ಎಂಬ ಉತ್ತರ ಬರುತ್ತದೆ. ಆಮೇಲೆ ಪ್ರಶ್ನೆಗಳೂ ಬರುತ್ತವೆ. ಎಷ್ಟು ವರ್ಷ ಕಾಯಬೇಕು? ಮಗನಿಗೆ ಇಪ್ಪತ್ತೊಂದು ತುಂಬಿದರೆ ಏನಾಗುತ್ತದೆ? ಮಗಳ ಮದುವೆ ಈಗ ಮಾಡಬಹುದೇ, ಬೇಡವೇ? ಇವು ವಕೀಲರಿಗೆ ಕೇಳಬೇಕಾದ ಪ್ರಶ್ನೆಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಇವುಗಳ ಹಿಂದೆ ಒಂದು ಕುಟುಂಬದ ಕಣ್ಣೀರಿದೆ, ಕೆಲವೊಮ್ಮೆ ಒಂದು ಆತ್ಮಸಾಕ್ಷಿಯ ಹೋರಾಟವೂ ಇದೆ. ಆದುದರಿಂದ ಈ ವಾರ ಅಮೆರಿಕ ಸಂಯುಕ್ತ ಸಂಸ್ಥಾನದ ಕುಟುಂಬ ವೀಸಾದ ವಿಷಯವನ್ನೇ ವಿಶ್ವಾಸದ ಬೆಳಕಿನಲ್ಲಿ ಚಿಂತಿಸೋಣ.

ಈಜಿಪ್ಟಿಗೆ ಹೋದ ಎರಡು ಕುಟುಂಬಗಳು

ಪವಿತ್ರ ಗ್ರಂಥದ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಎರಡು ಕುಟುಂಬಗಳು ಬರಗಾಲದ ದೆಸೆಯಿಂದ ಈಜಿಪ್ಟಿಗೆ ಹೋಗುತ್ತವೆ. ಮೊದಲು ಹೋದವನು ಅಬ್ರಾಮ. ಗಡಿ ಸಮೀಪಿಸುತ್ತಿದ್ದಂತೆ ಅವನಿಗೆ ಭಯವಾಯಿತು. ತನ್ನ ಹೆಂಡತಿ ಸಾರಯಳನ್ನು ತಂಗಿ ಎಂದು ಹೇಳಿಸಿದನು. ಅಂದರೆ, ಪರದೇಶದ ಬಾಗಿಲಲ್ಲಿ ನಿಂತು ಕುಟುಂಬದ ಸಂಬಂಧವನ್ನೇ ಸುಳ್ಳಾಗಿ ತಿಳಿಸಿದನು. ಆ ಸುಳ್ಳಿನ ಫಲವಾಗಿ ಹೆಂಡತಿ ಅರಮನೆಯ ಪಾಲಾದಳು. ಕೊನೆಗೆ ನಿಜ ಬಯಲಾಗಿ, ಇಡೀ ಕುಟುಂಬವೇ ದೇಶ ಬಿಡಬೇಕಾಯಿತು.

ಎರಡನೆಯದು ಯಕೋಬನ ಕುಟುಂಬ. ಆಗಲೇ ಈಜಿಪ್ಟಿನಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಜೋಸೆಫನು ತಂದೆಯನ್ನೂ ಅಣ್ಣತಮ್ಮಂದಿರನ್ನೂ ಕರೆಸಿಕೊಂಡನು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವನೇ ಸ್ಪಾನ್ಸರ್. ಫರೋಹನು ಆ ಸಹೋದರರನ್ನು ಎದುರಿಗೆ ನಿಲ್ಲಿಸಿಕೊಂಡು, ಅವರ ಕಸುಬೇನೆಂದು ಕೇಳಿದನು. ಈಜಿಪ್ಟಿನವರಿಗೆ ಕುರಿಕಾಯುವವರೆಂದರೆ ಅಸಹ್ಯ. ಆದರೂ ಅವರು ತಾವು ಕುರಿಗಾಹಿಗಳೆಂದೇ ಹೇಳಿದರು. ನಿಜ ಹೇಳಿದ್ದಕ್ಕೆ ಗೋಷೆನ್ ಪ್ರಾಂತ್ಯ ಅವರಿಗೆ ಸಿಕ್ಕಿತು.

ಒಂದೇ ದೇಶ, ಒಂದೇ ಬಗೆಯ ಸಂಕಷ್ಟ. ಒಂದು ಕುಟುಂಬ ಭಯದಿಂದ ಸುಳ್ಳು ಹೇಳಿತು, ಇನ್ನೊಂದು ಧೈರ್ಯದಿಂದ ನಿಜ ಹೇಳಿತು. ಅಬ್ರಹಾಮನನ್ನು ದೇವರು ಕೈಬಿಡಲಿಲ್ಲ, ನಿಜ. ಆದರೆ ಅವನ ಸುಳ್ಳನ್ನು ದೇವರು ಆಶೀರ್ವದಿಸಲೂ ಇಲ್ಲ.

ಪರದೇಶಕ್ಕೆ ಹೋಗುವುದು ಪಾಪವೇನಲ್ಲ. ಕಾಗದಪತ್ರಗಳನ್ನು ಹೊಂದಿಸಿಕೊಳ್ಳುವುದು ವಿಶ್ವಾಸದ ಕೊರತೆಯೂ ಅಲ್ಲ. ಜೋಸೆಫರು ತುಂಬು ಗರ್ಭಿಣಿಯಾದ ಮರಿಯಮ್ಮನವರೊಡನೆ ಬೆತ್ಲೆಹೇಮಿಗೆ ಹೋದದ್ದು ಸರ್ಕಾರಿ ಪಟ್ಟಿಯಲ್ಲಿ ಹೆಸರು ಬರೆಸಲಿಕ್ಕೆ. ಸಂತ ಪೌಲರು ತಮ್ಮ ರೋಮಿನ ಪೌರತ್ವವನ್ನು ಅಗತ್ಯ ಬಿದ್ದಾಗ ಬಳಸಿಕೊಂಡರು. ಅವರನ್ನು ಬಂಧಿಸಿದ ಸಹಸ್ರಾಧಿಪತಿಯು ಆ ಪೌರತ್ವಕ್ಕೆ ತಾನು ದೊಡ್ಡ ಮೊತ್ತ ತೆತ್ತಿದ್ದಾಗಿ ಹೇಳಿದಾಗ, ತಮಗೆ ಅದು ಹುಟ್ಟಿನಿಂದಲೇ ಬಂದಿದೆ ಎಂದರು. ಜಗದ್ಗುರು ಹನ್ನೆರಡನೆಯ ಪಯಸ್‌ರವರು 1952ರಲ್ಲಿ ವಲಸಿಗರ ಕುರಿತು ಹೊರಡಿಸಿದ 'ಎಕ್ಸುಲ್ ಫಮಿಲಿಯಾ' ಎಂಬ ಶಾಸನವು ಈಜಿಪ್ಟಿಗೆ ಓಡಿಹೋದ ಪವಿತ್ರ ಕುಟುಂಬವನ್ನೇ ಎಲ್ಲ ವಲಸಿಗರ ಆದರ್ಶವೆಂದು ಮುಂದಿಟ್ಟಿತು. ವಲಸೆ ಹೋದ ಕುಟುಂಬ ಆದಷ್ಟು ಬೇಗ ಒಂದಾಗಬೇಕು ಎಂಬುದನ್ನು ವ್ಯಾಟಿಕನ್ 1983ರ ಕುಟುಂಬದ ಹಕ್ಕುಗಳ ಸನ್ನದಿನಲ್ಲಿ ಹಕ್ಕೆಂದೇ ಸಾರಿತು. ಹಾಗಾದರೆ ಕಾನೂನು ಏನು ಹೇಳುತ್ತದೆ?

ಯಾರು ಯಾರನ್ನು ಕರೆಸಿಕೊಳ್ಳಬಹುದು?

ಅಮೆರಿಕದ ಪೌರತ್ವ ಪಡೆದವರಿಗೂ ಗ್ರೀನ್ ಕಾರ್ಡು ಮಾತ್ರ ಇರುವವರಿಗೂ ವ್ಯತ್ಯಾಸವಿದೆ. ಪೌರರಾದವರ ಗಂಡ ಅಥವಾ ಹೆಂಡತಿ, ಮದುವೆಯಾಗದ 21 ವರ್ಷದೊಳಗಿನ ಮಕ್ಕಳು, ಮತ್ತು ಪೌರರಿಗೆ 21 ವರ್ಷ ತುಂಬಿದ್ದರೆ ಅವರ ತಂದೆತಾಯಿ, ಇವರೆಲ್ಲ 'ಹತ್ತಿರದ ಸಂಬಂಧಿ'ಗಳು. ಇವರಿಗೆ ವಾರ್ಷಿಕ ಸಂಖ್ಯೆಯ ಮಿತಿ ಇಲ್ಲ. ಕಾಗದಪತ್ರಗಳ ಪರಿಶೀಲನೆಗೆ ಹಿಡಿಯುವಷ್ಟು ಸಮಯ ಕಾದರೆ ಸಾಕು.

ಉಳಿದವರು ಸರತಿಯಲ್ಲಿ ನಿಲ್ಲಬೇಕು. ಪೌರರ ವಯಸ್ಕ ಅವಿವಾಹಿತ ಮಕ್ಕಳು ಎಫ್-1. ಗ್ರೀನ್ ಕಾರ್ಡುದಾರರ ಗಂಡ, ಹೆಂಡತಿ ಮತ್ತು ಚಿಕ್ಕ ಮಕ್ಕಳು ಎಫ್-2ಎ, ಅವರ ವಯಸ್ಕ ಅವಿವಾಹಿತ ಮಕ್ಕಳು ಎಫ್-2ಬಿ. ಪೌರರ ವಿವಾಹಿತ ಮಕ್ಕಳು ಎಫ್-3. ಪೌರರ ಅಣ್ಣತಮ್ಮ ಅಕ್ಕತಂಗಿಯರು ಎಫ್-4. ಗ್ರೀನ್ ಕಾರ್ಡು ಮಾತ್ರ ಇರುವವರು ತಂದೆತಾಯಿಯನ್ನಾಗಲಿ, ಒಡಹುಟ್ಟಿದವರನ್ನಾಗಲಿ, ಮದುವೆಯಾದ ಮಕ್ಕಳನ್ನಾಗಲಿ ಕರೆಸಿಕೊಳ್ಳಲು ಬರುವುದಿಲ್ಲ.

ಇಲ್ಲಿ ಅನೇಕರು ಎಡವುತ್ತಾರೆ. ಮಗನು ಪೌರನಾಗಿ ತಂದೆತಾಯಿಗೆ ಅರ್ಜಿ ಹಾಕಿದರೆ, ಅವರ ಜೊತೆ ಮನೆಯಲ್ಲಿರುವ ಹದಿನೇಳರ ಕಿರಿಯ ಮಗಳೂ ಹೋಗಬಹುದೆಂದು ತಿಳಿಯುತ್ತಾರೆ. ಹಾಗಿಲ್ಲ. ತಂದೆತಾಯಿಯ ಅರ್ಜಿಯಲ್ಲಿ ಆ ಮಗಳಿಗೆ ಸ್ಥಾನವಿಲ್ಲ. ತಂದೆ ಅಥವಾ ತಾಯಿ ಅಲ್ಲಿ ಗ್ರೀನ್ ಕಾರ್ಡು ಪಡೆದ ಮೇಲೆ ಆಕೆಗೆ ಬೇರೆಯೇ ಅರ್ಜಿ ಹಾಕಬೇಕು. ಅಷ್ಟರತನಕ ಆ ಹುಡುಗಿ ಯಾರ ಮನೆಯಲ್ಲಿರುತ್ತಾಳೆ, ಯಾರ ಕಣ್ಗಾವಲಿನಲ್ಲಿ ಬೆಳೆಯುತ್ತಾಳೆ? ವಿಮಾನದ ಟಿಕೆಟ್ಟಿಗೆ ಮೊದಲು ಇದನ್ನು ತೀರ್ಮಾನಿಸಬೇಕು.

ಎಷ್ಟು ಕಾಲ ಕಾಯಬೇಕು?

ಐ-130 ಎಂಬ ಅರ್ಜಿ ಸಲ್ಲಿಕೆಯಾದ ದಿನಾಂಕವೇ ನಿಮ್ಮ ಸರತಿಯ ದಿನಾಂಕ. ಇದನ್ನು ಪ್ರಯಾರಿಟಿ ಡೇಟ್ ಎನ್ನುತ್ತಾರೆ. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು 'ವೀಸಾ ಬುಲೆಟಿನ್' ಹೊರಡಿಸಿ, ಯಾವ ವರ್ಗದಲ್ಲಿ ಯಾವ ದಿನಾಂಕದವರೆಗೆ ಸರತಿ ಬಂದಿದೆ ಎಂದು ತಿಳಿಸುತ್ತದೆ. ಯಾವ ಒಂದು ದೇಶಕ್ಕೂ ಒಟ್ಟು ವೀಸಾಗಳಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಸಿಗಬಾರದೆಂಬ ನಿಯಮವಿರುವುದರಿಂದ, ಭಾರತದಂಥ ದೊಡ್ಡ ದೇಶದವರ ಸರತಿ ಕೆಲವು ವರ್ಗಗಳಲ್ಲಿ ಬಹಳ ಉದ್ದ. ಒಡಹುಟ್ಟಿದವರ ಎಫ್-4 ವರ್ಗದಲ್ಲಿ ಭಾರತೀಯರು 15 ವರ್ಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ.

ಹದಿನೈದು ವರ್ಷವೆಂದರೆ ಒಂದು ಮಗು ಹುಟ್ಟಿ ಎಸ್ಸೆಸ್ಸೆಲ್ಸಿ ಬರೆಯುವಷ್ಟು ಕಾಲ. ಅರ್ಜಿ ಹಾಕಿದ ದಿನದಿಂದಲೇ ಮನೆ ರಿಪೇರಿ ನಿಲ್ಲಿಸಿ, ತೋಟಕ್ಕೆ ಹೊಸ ಗಿಡ ನೆಡದೆ, "ಹೇಗೂ ಹೋಗುವವರಲ್ಲವೇ" ಎಂದು ಬದುಕನ್ನೇ ಮುಂದೂಡಿದ ಮನೆಗಳಿವೆ. ಇಸ್ರಯೇಲರು ಬಾಬಿಲೋನಿನಲ್ಲಿ ಸೆರೆಯಲ್ಲಿದ್ದಾಗ ಪ್ರವಾದಿ ಯೆರೆಮೀಯ ಅವರಿಗೆ ಪತ್ರ ಬರೆದು, ಮನೆ ಕಟ್ಟಿ ವಾಸಿಸಲು, ತೋಟ ಮಾಡಿ ಫಲ ಉಣ್ಣಲು, ಮಕ್ಕಳ ಮದುವೆ ಮಾಡಲು ತಿಳಿಸಿದನು. ಮರಳುವ ದಿನ ಬರುತ್ತದೆ, ಆದರೆ ಅಲ್ಲಿಯತನಕ ಬದುಕಬೇಕು ಎಂಬುದೇ ಆ ಪತ್ರದ ಸಾರ. ಕಾಯುವವರೆಲ್ಲರಿಗೂ ಇದು ಅನ್ವಯಿಸುತ್ತದೆ.

ಮಗನಿಗೆ ಇಪ್ಪತ್ತೊಂದು ತುಂಬಿದರೆ?

ಎಫ್-3, ಎಫ್-4 ವರ್ಗಗಳಲ್ಲಿ ತಂದೆತಾಯಿಯೊಡನೆ 21ರೊಳಗಿನ ಅವಿವಾಹಿತ ಮಕ್ಕಳೂ ಹೋಗಬಹುದು. ಸರತಿ ಬರುವಷ್ಟರಲ್ಲಿ ಮಗನಿಗೆ 21 ದಾಟಿರುತ್ತದೆ. ಆಗ ಹೆತ್ತವರ ಮನಸ್ಸಿನಲ್ಲಿ ಒಂದು ಶೋಧನೆ ಹುಟ್ಟುತ್ತದೆ: ಜ್ಞಾನಸ್ನಾನದ ಪುಸ್ತಕದಲ್ಲಿ ಹುಟ್ಟಿದ ವರ್ಷ ಒಂದೆರಡು ಈಚೆಗೆ ಬರೆದುಕೊಡುವಂತೆ ಗುರುಗಳನ್ನು ಕೇಳಿದರೆ ಹೇಗೆ? ಹಿಂದಿನ ಕಾಲದವರಲ್ಲಿ ಅನೇಕರ ಬಳಿ ಪುರಸಭೆಯ ಅಥವಾ ಪಂಚಾಯಿತಿಯ ಜನನ ಪತ್ರವಿಲ್ಲ. ಜನನ ಮರಣ ನೋಂದಣಿ ಕಾಯಿದೆ ಬಂದದ್ದೇ 1969ರಲ್ಲಿ. ಅಂಥವರಿಗೆ ಜ್ಞಾನಸ್ನಾನದ ಸರ್ಟಿಫಿಕೇಟು ಪೂರಕ ಸಾಕ್ಷ್ಯವಾಗಿ ನಿಲ್ಲುತ್ತದೆ. ಅದಕ್ಕೆ ಬೆಲೆ ಇರುವುದು ದೇವಾಲಯದ ಪುಸ್ತಕ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯಿಂದ.

ಪ್ರಿಯರೇ, ಆ ಪುಸ್ತಕ ಗುರುಗಳ ಸ್ವಂತದ್ದಲ್ಲ. ಧರ್ಮಸಭೆಯ ಕಾನೂನಿನ 535ನೇ ವಿಧಿ ಅದನ್ನು ಜೋಪಾನವಾಗಿ ಇಡಬೇಕೆನ್ನುತ್ತದೆ. 877ನೇ ವಿಧಿ ಅದರಲ್ಲಿ ಏನೇನು ಬರೆಯಬೇಕೆಂದು ಹೇಳುತ್ತದೆ. ಅದರಲ್ಲಿ ನಿಮ್ಮ ಅಜ್ಜಿಯ ಹೆಸರಿದೆ, ನಿಮ್ಮ ಮೊಮ್ಮಗನ ಹೆಸರು ಬರಲಿದೆ. ಒಬ್ಬರಿಗಾಗಿ ಒಂದು ಅಂಕಿ ತಿದ್ದಿದರೆ ಆ ಧರ್ಮಕೇಂದ್ರದಿಂದ ಮುಂದೆ ಹೋಗುವ ಪ್ರತಿಯೊಂದು ಸರ್ಟಿಫಿಕೇಟೂ ಸಂಶಯಕ್ಕೆ ಈಡಾಗುತ್ತದೆ. ಪ್ರಾಮಾಣಿಕರ ಮಕ್ಕಳು ಅದರ ಬೆಲೆ ತೆರುತ್ತಾರೆ.

ಇಷ್ಟಕ್ಕೂ ಕಾನೂನೇ ಇಲ್ಲಿ ಒಂದು ಕನಿಕರ ತೋರಿದೆ. 2002ರಲ್ಲಿ ಅಮೆರಿಕ ಮಕ್ಕಳ ಸ್ಥಾನ ರಕ್ಷಣೆಯ ಕಾಯಿದೆಯೊಂದನ್ನು ತಂದಿತು. ಅದರ ಪ್ರಕಾರ, ಅರ್ಜಿ ಮಂಜೂರಾಗಲು ಕಚೇರಿಯಲ್ಲಿ ಎಷ್ಟು ಕಾಲ ಬಿದ್ದಿತ್ತೋ ಅಷ್ಟನ್ನು ಮಗನ ವಯಸ್ಸಿನಿಂದ ಕಳೆಯುತ್ತಾರೆ. ಸರತಿ ಬಂದ ದಿನ ಮಗನಿಗೆ 24 ವರ್ಷವಾಗಿದೆ, ಅರ್ಜಿ ಮಂಜೂರಾಗಲು 5 ವರ್ಷ ಹಿಡಿದಿತ್ತು ಎಂದುಕೊಳ್ಳಿ. ಕಾನೂನಿನ ಲೆಕ್ಕದಲ್ಲಿ ಅವನಿಗೆ 19. ಅವನು ಅವಿವಾಹಿತನಾಗಿರಬೇಕು, ಮತ್ತು ಸರತಿ ಬಂದ ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಟ್ಟಿರಬೇಕು. ಈ ಲೆಕ್ಕವನ್ನು ತಿಳಿಯದೆ ಸುಳ್ಳು ದಿನಾಂಕದ ಮೊರೆಹೋದವನು, ನಿಜದಿಂದಲೇ ಸಿಗುತ್ತಿದ್ದುದನ್ನು ಸುಳ್ಳಿನಿಂದ ಕಳೆದುಕೊಳ್ಳುತ್ತಾನೆ. ಮುಖ್ಯ ವಿಷಯವೊಂದರಲ್ಲಿ ವಂಚನೆ ಮಾಡಿದನೆಂದು ಕಂಡುಬಂದರೆ ಅವನ ಮುಂದೆ ಆ ದೇಶದ ಬಾಗಿಲು ಜೀವಮಾನವಿಡೀ ಮುಚ್ಚಬಹುದು. ಅದಕ್ಕೆ ವಿನಾಯಿತಿ ಪಡೆಯುವ ದಾರಿ ಬಹಳ ಕಿರಿದು. ಎಲ್ಲರಿಗೂ ಈ ಲೆಕ್ಕ ಸಹಾಯ ಮಾಡುವುದಿಲ್ಲ ಎಂಬುದೂ ನಿಜ. ಕಳೆದ ಮೇಲೂ 21 ದಾಟಿದ್ದರೆ ಮಗ ಇಲ್ಲಿಯೇ ಉಳಿಯಬೇಕಾಗುತ್ತದೆ. ಆಗ ಹೋಗುವುದೋ ಉಳಿಯುವುದೋ ಎಂಬುದನ್ನು ಕುಟುಂಬವೇ ಮೊಣಕಾಲೂರಿ ದೇವರ ಮುಂದೆ ನಿರ್ಧರಿಸಬೇಕು.

ಮಗಳ ಮದುವೆ ಮಾಡಬಹುದೇ?

ಗ್ರೀನ್ ಕಾರ್ಡುದಾರರಾದ ತಂದೆ ವಯಸ್ಕ ಮಗಳಿಗೆ ಎಫ್-2ಬಿ ಅರ್ಜಿ ಹಾಕಿರುತ್ತಾರೆ. ಅದು ಬಾಕಿ ಇರುವಾಗ ಮಗಳು ಮದುವೆಯಾದರೆ ಆ ಅರ್ಜಿ ಅಲ್ಲಿಗೇ ರದ್ದು. ಇದನ್ನು ತಿಳಿದ ಕೆಲವರು, "ದೇವಾಲಯದಲ್ಲಿ ಮದುವೆ ಮಾಡಿಬಿಡೋಣ ಫಾದರ್, ರಿಜಿಸ್ಟರ್ ಮಾಡುವುದು ಬೇಡ, ವೀಸಾ ಬಂದಮೇಲೆ ನೋಡೋಣ" ಎನ್ನುತ್ತಾರೆ. ನಮ್ಮ ದೇಶದಲ್ಲಿ ಹಾಗೆ ಭಾಗ ಮಾಡಲಾಗುವುದಿಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಂತೆ ದೇವಾಲಯದಲ್ಲಿ ವಿಧಿಪೂರ್ವಕ ನಡೆದ ಮದುವೆ ಕಾನೂನಿನ ಕಣ್ಣಿಗೂ ಮದುವೆಯೇ. ಪೀಠದ ಮುಂದೆ ಗಂಡನ ಕೈಹಿಡಿದ ಹೆಣ್ಣುಮಗಳು ಮರುದಿನ ವೀಸಾ ಕಾಗದದಲ್ಲಿ ತಾನು ಅವಿವಾಹಿತೆ ಎಂದು ಬರೆದರೆ, ಆಕೆ ಅಧಿಕಾರಿಗೆ ಸುಳ್ಳು ಹೇಳಿದಂತಾಯಿತು. ತಾನು ಸ್ವೀಕರಿಸಿದ ಸಂಸ್ಕಾರವನ್ನೂ ನಿರಾಕರಿಸಿದಂತಾಯಿತು.

ಹಾಗೆಂದು ಮಗಳು ಮೂವತ್ತೈದರತನಕ ಸರತಿಗಾಗಿ ಕಾಯುತ್ತ ಕೂರಬೇಕೇ? ನ್ಯಾಯವಾದ ದಾರಿಯೊಂದಿದೆ. ಸಾಮಾನ್ಯವಾಗಿ ಐದು ವರ್ಷದ ವಾಸದ ನಂತರ ತಂದೆ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅವರು ಪೌರರಾದ ಬಳಿಕ ಮಗಳ ಮದುವೆ ನಡೆದರೆ ಅರ್ಜಿ ರದ್ದಾಗುವುದಿಲ್ಲ. ಎಫ್-3ಕ್ಕೆ ವರ್ಗವಾಗಿ, ಹಳೆಯ ಸರತಿಯ ದಿನಾಂಕವೇ ಉಳಿಯುತ್ತದೆ. ಸರತಿ ಉದ್ದವಾಗಬಹುದು, ಆದರೆ ಅಳಿಯನಿಗೂ ಮೊಮ್ಮಕ್ಕಳಿಗೂ ಅದರಲ್ಲಿ ಸ್ಥಾನವಿದೆ. ಕ್ರಮ ಮುಖ್ಯ: ಮೊದಲು ಪೌರತ್ವ, ಆಮೇಲೆ ಮದುವೆ. ಅದಕ್ಕೂ ಸಮಯವಿಲ್ಲದಿದ್ದರೆ, ತಂದೆತಾಯಂದಿರೇ, ನಿಮ್ಮನ್ನೇ ಕೇಳಿಕೊಳ್ಳಿ: ಮಗಳಿಗೆ ದೇವರು ಕೊಟ್ಟ ಕರೆ ವೈವಾಹಿಕ ಜೀವನವಾಗಿದ್ದರೆ, ಒಂದು ಕಾರ್ಡಿಗಾಗಿ ಆ ಕರೆಯನ್ನು ತಡೆಹಿಡಿಯಲು ನಮಗೆ ಎಷ್ಟರ ಅಧಿಕಾರವಿದೆ?

ವೀಸಾಕ್ಕಾಗಿ ಮದುವೆ

ಇನ್ನು ವೀಸಾಕ್ಕಾಗಿಯೇ ಮಾಡಿಕೊಳ್ಳುವ ಮದುವೆ. ಪರಿಚಯದ ಪೌರನೊಬ್ಬನನ್ನು ಕಾಗದದ ಮೇಲೆ ಮದುವೆಯಾಗಿ, ಎರಡು ವರ್ಷದಲ್ಲಿ ಬಿಡುವುದೆಂಬ ಒಪ್ಪಂದ. ಧರ್ಮಸಭೆಯ ಕಾನೂನಿನ 1101ನೇ ವಿಧಿ ಸ್ಪಷ್ಟವಾಗಿದೆ: ಬಾಯಲ್ಲಿ ಒಪ್ಪಿಗೆ ಹೇಳಿ ಮನಸ್ಸಿನಲ್ಲಿ ಮದುವೆಯನ್ನೇ ನಿಶ್ಚಯವಾಗಿ ತಳ್ಳಿಹಾಕಿದವನ ಮದುವೆ ಮದುವೆಯೇ ಅಲ್ಲ. ಅಮೆರಿಕದ ಕಾನೂನಿನಲ್ಲಿ ಅದಕ್ಕೆ 5 ವರ್ಷದವರೆಗೆ ಸೆರೆವಾಸ, 2,50,000 ಡಾಲರಿನವರೆಗೆ ದಂಡ. ಮುಂದೆ ನಿಜವಾದ ಸಂಗಾತಿ ಅರ್ಜಿ ಹಾಕಿದರೂ ಅದು ಮಂಜೂರಾಗದು.

ನಿಜವಾದ ಮದುವೆಯೇ ಆದರೂ, ಅಮೆರಿಕ ಪ್ರವೇಶಿಸುವಾಗ ಮದುವೆಯಾಗಿ ಎರಡು ವರ್ಷ ತುಂಬಿಲ್ಲದಿದ್ದರೆ ಎರಡು ವರ್ಷದ ಷರತ್ತಿನ ಕಾರ್ಡು ಸಿಗುತ್ತದೆ. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡಹೆಂಡಿರಿಬ್ಬರೂ ಸೇರಿ ಷರತ್ತು ತೆಗೆಸುವ ಅರ್ಜಿ ಹಾಕಬೇಕು. ಇದನ್ನೇ ಅಸ್ತ್ರ ಮಾಡಿಕೊಂಡು, "ನಾನು ಸಹಿ ಹಾಕುವುದಿಲ್ಲ, ನಿನ್ನನ್ನು ವಾಪಸು ಕಳಿಸುತ್ತೇನೆ" ಎಂದು ಹೆಂಡತಿಯನ್ನು ಹೆದರಿಸುವ ಗಂಡಂದಿರಿದ್ದಾರೆ. ದೂರದಲ್ಲಿ ಮಗಳನ್ನು ಕೊಟ್ಟಿರುವ ತಾಯಂದಿರು ಇದನ್ನು ಗಮನವಿಟ್ಟು ಓದಿ. ಹೊಡೆತ, ಹಿಂಸೆ ಅನುಭವಿಸಿದ ಸಂಗಾತಿ, ಗಂಡನ ಸಹಿ ಇಲ್ಲದೆಯೂ ತಾನೇ ಅರ್ಜಿ ಹಾಕಲು ದಾರಿಯಿದೆ. ಗ್ರೀನ್ ಕಾರ್ಡು ಇನ್ನೂ ಬಾರದಿದ್ದರೂ, ಪೌರ ಅಥವಾ ಗ್ರೀನ್ ಕಾರ್ಡುದಾರನಿಂದ ಹಿಂಸೆಗೊಳಗಾದ ಹೆಂಡತಿ ತಾನಾಗಿಯೇ ಅರ್ಜಿ ಸಲ್ಲಿಸುವ ಅವಕಾಶವನ್ನು 1994ರ ಕಾಯಿದೆಯೊಂದು ಕೊಟ್ಟಿದೆ. ಆ ವಿಷಯ ಗಂಡನಿಗೆ ತಿಳಿಯದಂತೆ ಗುಟ್ಟಾಗಿಡುತ್ತಾರೆ. ಪೌರನಾದ ಗಂಡ ತೀರಿಕೊಂಡರೆ, ವಿಧವೆ ಎರಡು ವರ್ಷದೊಳಗೆ ತಾನೇ ಅರ್ಜಿ ಹಾಕಬಹುದು. ಇಲ್ಲಿ, ನಮ್ಮ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ಮದುವೆಯ ದೂರುಗಳಿಗಾಗಿಯೇ ಒಂದು ವಿಭಾಗವಿದೆ. "ಹೊಂದಿಕೊಂಡು ಹೋಗು ಮಗಳೇ" ಎಂಬ ಒಂದೇ ಮಾತನ್ನು ಫೋನಿನಲ್ಲಿ ಹೇಳುತ್ತ ಕೂರಬೇಡಿ. ಶಿಲುಬೆ ಹೊರುವುದು ಬೇರೆ, ಪೆಟ್ಟು ತಿನ್ನುತ್ತ ಮೌನವಾಗಿರುವುದು ಬೇರೆ.

ಹೆತ್ತವರನ್ನು ಕರೆದೊಯ್ಯುವುದು

ತಂದೆತಾಯಿಗೆ ಗ್ರೀನ್ ಕಾರ್ಡು ಮಾಡಿಸುವ ಮಗನು ಒಂದು ಬೆಂಬಲ ಪತ್ರಕ್ಕೆ ಸಹಿ ಹಾಕುತ್ತಾನೆ. ಸರ್ಕಾರ ಗೊತ್ತುಮಾಡಿದ ಬಡತನದ ರೇಖೆಯ ನೂರಕ್ಕೆ 125ರಷ್ಟಾದರೂ ತನ್ನ ಆದಾಯವಿದೆ, ಇವರನ್ನು ತಾನು ಸಾಕುತ್ತೇನೆ ಎಂಬ ವಾಗ್ದಾನವದು. ಸಾಮಾನ್ಯವಾಗಿ ಅವರು ಪೌರರಾಗುವವರೆಗೆ, ಇಲ್ಲವೇ ಹತ್ತು ವರ್ಷದಷ್ಟು ದುಡಿಮೆಯ ಲೆಕ್ಕ ತುಂಬುವವರೆಗೆ ಅದು ಅವನನ್ನು ಕಟ್ಟಿಹಾಕುತ್ತದೆ. ತಂದೆತಾಯಿಯನ್ನು ಗೌರವಿಸು ಎಂಬ ನಾಲ್ಕನೆಯ ಆಜ್ಞೆಯನ್ನು ಒಂದು ಸರ್ಕಾರ ಕಾಗದದ ಮೇಲೆ ಬರೆಸಿಕೊಂಡಂತಿದೆ ಇದು! ಮಕ್ಕಳೇ, ಸಹಿ ಹಾಕುವ ಮುನ್ನ ಅವರ ಆಸ್ಪತ್ರೆಯ ಖರ್ಚು, ಆರೋಗ್ಯ ವಿಮೆಯನ್ನು ವಿಚಾರಿಸಿ. ಹೋದ ಮೊದಲ ಐದು ವರ್ಷ ಸರ್ಕಾರದ ಹಲವು ಸಹಾಯಗಳು ಅವರಿಗೆ ಸಿಗುವುದಿಲ್ಲ.

ಹಿರಿಯರೇ, ನೀವೂ ಕೇಳಿಕೊಳ್ಳಿ. ನೀವು ಅಲ್ಲಿ ನೆಲೆಸಲು ಹೋಗುತ್ತಿದ್ದೀರೋ, ಮೊಮ್ಮಕ್ಕಳನ್ನು ನೋಡಿ ಬರಲೋ? ಗ್ರೀನ್ ಕಾರ್ಡು ಅಲ್ಲಿ ವಾಸಿಸುವವರಿಗೆ. ಒಂದು ವರ್ಷ ಅಥವಾ ಹೆಚ್ಚು ಕಾಲ ಊರಲ್ಲಿರಬೇಕಾದರೆ ಹೊರಡುವ ಮುಂಚೆ ಅಲ್ಲಿದ್ದುಕೊಂಡೇ ಮರುಪ್ರವೇಶದ ಪರವಾನಗಿಗೆ ಅರ್ಜಿ ಹಾಕಬೇಕು. ವರ್ಷಕ್ಕೊಮ್ಮೆ ಹೋಗಿ ಮುಖ ತೋರಿಸಿ ಬಂದರೆ ಸಾಲದು. ಮನಸ್ಸೆಲ್ಲ ಊರಿನಲ್ಲೇ ಇರುವವರಿಗೆ ಸಂದರ್ಶಕ ವೀಸಾವೇ ಸಾಕು. ಆದರೆ ಗಡಿಯಲ್ಲಿ ಕೊಟ್ಟ ಅವಧಿ ಮೀರಬಾರದು. ಅವಧಿ ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದವರಿಗೆ ಹತ್ತು ವರ್ಷ ಪ್ರವೇಶವಿಲ್ಲ. ಅಲ್ಲಿನ ಪೌರರಾದರೆ ಭಾರತದ ಪೌರತ್ವ ಹೋಗುತ್ತದೆ ಎಂಬುದೂ ನೆನಪಿರಲಿ. ಆಮೇಲೆ ಓಸಿಐ ಕಾರ್ಡು ಪಡೆದು ಬಂದುಹೋಗಬಹುದು. ಆದರೆ ಮತದಾನವಿಲ್ಲ, ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲ.

ಯಾರ ಮಾತು ಕೇಳಬೇಕು?

ಕಾಸು ತೆಗೆದುಕೊಂಡು "ಎಲ್ಲ ನಾನು ನೋಡಿಕೊಳ್ಳುತ್ತೇನೆ, ನೀವು ಸಹಿ ಮಾತ್ರ ಹಾಕಿ" ಎನ್ನುವ ಏಜೆಂಟನಿಂದ ದೂರವಿರಿ. ಸಹಿ ಹಾಕಿದವರು ನೀವು. ಒಳಗೆ ಬರೆದ ಸುಳ್ಳೂ ನಿಮ್ಮದೇ ಆಗುತ್ತದೆ. ಅಮೆರಿಕದಲ್ಲಿ ವಲಸೆಯ ಕಾನೂನು ಸಲಹೆ ಕೊಡಲು ಅಧಿಕಾರವಿರುವುದು ವಕೀಲರಿಗೆ ಮತ್ತು ಸರ್ಕಾರದ ಮಾನ್ಯತೆ ಪಡೆದ ಪ್ರತಿನಿಧಿಗಳಿಗೆ ಮಾತ್ರ. ಅಲ್ಲಿನ ಧರ್ಮಾಧ್ಯಕ್ಷರುಗಳು 1988ರಲ್ಲಿ ಇದಕ್ಕಾಗಿಯೇ 'ಕ್ಲಿನಿಕ್' ಎಂಬ ಕಥೋಲಿಕ ಕಾನೂನು ಸಹಾಯ ಜಾಲವನ್ನು ಸ್ಥಾಪಿಸಿದ್ದಾರೆ. ಅಲ್ಲಿರುವ ನಿಮ್ಮ ಮಕ್ಕಳಿಗೆ ತಮ್ಮ ಧರ್ಮಕೇಂದ್ರದಲ್ಲಿ ವಿಚಾರಿಸಲು ಹೇಳಿ. ನಿಯಮಗಳೂ ಶುಲ್ಕಗಳೂ ಬದಲಾಗುತ್ತಿರುತ್ತವೆ. ಆದುದರಿಂದ ನೆರೆಮನೆಯವರಿಗೆ ಹತ್ತು ವರ್ಷದ ಹಿಂದೆ ಏನಾಯಿತು ಎಂಬುದನ್ನು ನೆಚ್ಚಿಕೊಳ್ಳಬೇಡಿ.

ಪ್ರಿಯರೇ, ಕುಟುಂಬ ಒಂದಾಗಬೇಕೆಂಬ ಬಯಕೆ ದೇವರೇ ನಮ್ಮ ಹೃದಯದಲ್ಲಿಟ್ಟದ್ದು. ಆ ಒಳ್ಳೆಯ ಬಯಕೆಗೆ ಸುಳ್ಳಿನ ಅಡಿಪಾಯ ಹಾಕಿದರೆ, ಒಂದಾದ ಮನೆಯಲ್ಲೂ ಭಯ ನೆಲೆಸುತ್ತದೆ. ಬಾಗಿಲು ಬಡಿದ ಸದ್ದಿಗೆಲ್ಲ ಎದೆ ಝಲ್ಲೆನ್ನುತ್ತದೆ. ಮಕ್ಕಳಿಗೆ ಸತ್ಯವನ್ನೇ ಹೇಳಿರೆಂದು ಕಲಿಸುವ ನಾಲಗೆ ನಮಗಿರುವುದಿಲ್ಲ. ಈ ವಾರ ಒಂದು ಸಂಜೆ ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಕುಳಿತು, ನಿಮ್ಮ ಅರ್ಜಿಯ ಪ್ರತಿಯನ್ನು ತೆಗೆದು ಓದಿರಿ. ಹೆಸರು, ಹುಟ್ಟಿದ ದಿನ, ಮದುವೆಯ ಸ್ಥಿತಿ, ಮಕ್ಕಳ ಸಂಖ್ಯೆ, ಎಲ್ಲವೂ ನಿಜವಾಗಿದೆಯೇ ನೋಡಿರಿ. ತಪ್ಪು ಕಂಡರೆ, ಯಾರೂ ಕೇಳುವ ಮೊದಲೇ ವಕೀಲರ ಮೂಲಕ ತಿದ್ದಿಸಿರಿ. ಹಾಗೆಯೇ ಈಗಾಗಲೇ ಹೋದವರು ಬಿಟ್ಟುಹೋದ ಒಬ್ಬಂಟಿ ವೃದ್ಧರು ನಿಮ್ಮ ವಾಳೆಯಲ್ಲಿದ್ದರೆ, ಭಾನುವಾರದ ಪೂಜೆ ಮುಗಿಸಿ ಬರುವಾಗ ಅವರ ಮನೆಗೆ ಹೋಗಿ ಬನ್ನಿರಿ.

ಈಜಿಪ್ಟಿಗೆ ಹೋಗಿ ಮರಳಿ ಬಂದ ಯೇಸು, ಮರಿಯ, ಜೋಸೆಫರು, ಹೋಗುವವರ ಜೊತೆಗೂ ಕಾಯುವವರ ಜೊತೆಗೂ ಇರಲಿ. ಆಮೆನ್.